ನಾಲ್ಕನೆಯದರ ಎಡಗಡೆ ಎಂಜಿನ್

ಗೆಡಿಸಾ ಸತ್ತ ಸುದ್ದಿ ಬಂದಾಗ ಪೊಮತ್‌ಗೆ ಮೊದಲು ನೆನಪಾದದ್ದು ಗೆಡಿಸಾ ಅಲ್ಲ, ನಾಲ್ಕನೆಯ ವಿಮಾನದ ಎಡಗಡೆ ಎಂಜಿನ್. ಇಪ್ಪತ್ತೆಂಟು ವರ್ಷ ಮೆಕ್ಯಾನಿಕ್ ಆಗಿ ಅವನು ಏಣಿಯ ಮೇಲೆ, ತಪಾಸಣೆಗಾರನಾಗಿ ಇವನು ಏಣಿಯ ಕೆಳಗೆ ನಿಂತು ದುಡಿದವರು. ಅಂಥ ಗೆಳೆಯ ಲಾಯೆ ಪಟ್ಟಣದ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಕಣ್ಣು ಮುಚ್ಚಿದ ಅಂದರೆ ಎದೆ ಒಡೆಯಬೇಕಿತ್ತು. ಇವನ ಎದೆಯಲ್ಲಿ ಎದ್ದದ್ದು ಒಂದೇ ಪ್ರಶ್ನೆ: ಆ ಎಂಜಿನ್ನೊಳಗೆ ಏನಿದೆ ಅಂತ ಇನ್ನು ಯಾರನ್ನು ಕೇಳುವುದು? ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹ್ಯಾಂಗರಿನ ಹಿಂದೆ ಹೋಗಿ, ಖಾಲಿ ಪೀಪಾಯಿಯ ಮೇಲೆ ಕುಳಿತು, ಬೇಕಾದಷ್ಟು ಅತ್ತ.

ಅದು ಗುರುವಾರ. ಮುಂದಿನ ಮಂಗಳವಾರ ಸ್ವಾತಂತ್ರ್ಯದ ದಿನ. ಅವತ್ತು ಬೆಳಿಗ್ಗೆ ಒಂಬತ್ತು ಗಂಟೆಗೆ ಸರಿಯಾಗಿ ಲಾಯೆಯ ಮೈದಾನದ ಮೇಲೆ ವಿಮಾನ ಹಾರಬೇಕು ಎಂದು ಮೇಲಿನಿಂದ ಆಜ್ಞೆ ಬಂದಾಗಿತ್ತು. ಯಾವ ವಿಮಾನ ಎಂದು ಆಜ್ಞೆಯಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಸಂಗಾನ್ ವಾಯುನೆಲೆಯಲ್ಲಿ ಹಾರುವ ವಿಮಾನ ಅಂತ ಉಳಿದಿದ್ದದ್ದು ಒಂದೇ.

ವಾಯುಪಡೆ ಅನ್ನುವ ದೊಡ್ಡ ಮಾತಿಗೆ ಮರ್ಯಾದೆ ಕೊಡುವಷ್ಟು ವಿಮಾನಗಳು ಅಲ್ಲಿ ಒಂದು ಕಾಲದಲ್ಲಿ ಇದ್ದವು. ಪೊಮತ್ ಮಾನುಸ್ ದ್ವೀಪದಿಂದ ಹಡಗು ಹತ್ತಿ ಬಂದು ಸೇರಿದ ವರ್ಷ ಹನ್ನೊಂದು ನಿಂತಿದ್ದವು, ಸಾಲಾಗಿ, ಮೂಗು ಒಂದೇ ಕಡೆಗೆ ಮಾಡಿಕೊಂಡು. ರಸ್ತೆಯೇ ಇಲ್ಲದ ಬೆಟ್ಟದ ಊರುಗಳಿಗೆ ಔಷಧಿ ಒಯ್ದದ್ದು ಅವೇ, ಮತಪೆಟ್ಟಿಗೆ ತಂದದ್ದು ಅವೇ, ಹೆರಿಗೆ ಕಷ್ಟವಾದ ಹೆಂಗಸರನ್ನು ಕಾಫಿ ಮೂಟೆಗಳ ನಡುವೆ ಮಲಗಿಸಿಕೊಂಡು ಬಂದದ್ದೂ ಅವೇ. ಒಂದು ಬಾಂಬನ್ನೂ ಹಾಕದ ವಾಯುಪಡೆ ಎಂದು ರಾಜಧಾನಿ ಮೋರ್ಸ್‌ಬಿಯ ಜನ ಗೇಲಿ ಮಾಡುತ್ತಿದ್ದರು. ಬೆಟ್ಟದ ಜನ ಮಾಡುತ್ತಿರಲಿಲ್ಲ.

ಹಾಳಾಗುವುದು ಅಂದರೆ ಒಂದು ದಿನ ದಬಕ್ಕನೆ ಕುಸಿಯುವುದು ಎಂದು ತಿಳಿದವರನ್ನು ಕರೆದುಕೊಂಡು ಬಂದು ಸಂಗಾನ್ ತೋರಿಸಬೇಕು. ಮೊದಲು ಬಣ್ಣ ಬರುವುದು ನಿಂತಿತು. ಬಣ್ಣವಿಲ್ಲದೆಯೂ ವಿಮಾನ ಹಾರುತ್ತದೆ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಒಳ್ಳೆಯ ಪೈಲಟ್‌ಗಳು ಗಣಿಯವರ ಕೆಲಸಕ್ಕೆ ಹೊರಟುಹೋದರು. ಆಮೇಲೆ ಬಿಡಿಭಾಗಗಳು ಬರುವುದು ನಿಂತಿತು. ಒಂದು ವಾರದ ಮಟ್ಟಿಗೆ ಅಂತ ಒಂದನೆಯದರ ಚಕ್ರ ಬಿಚ್ಚಿ ಮೂರನೆಯದಕ್ಕೆ ಹಾಕಿದರು. ಆ ವಾರ ಇನ್ನೂ ಮುಗಿದಿಲ್ಲ. ಹಳೆಯ ಜಾತಿಯ ಏಳು ವಿಮಾನಗಳನ್ನು ಮಾರಿಬಿಟ್ಟರು. ದಪ್ಪ ಹೊಟ್ಟೆಯ, ಎರಡು ಎಂಜಿನ್ನಿನ ನಾಲ್ಕು ಉಳಿದವು. ಅವುಗಳಲ್ಲಿ ಒಂದು, ಎರಡು, ಮೂರು ಆಳೆತ್ತರದ ಹುಲ್ಲಿನಲ್ಲಿ ಹೂತು, ತಮ್ಮ ಕರುಳು ಗುಂಡಿಗೆ ಅಂತ ಕೆಲಸಕ್ಕೆ ಬರುವುದನ್ನೆಲ್ಲ ನಾಲ್ಕನೆಯದಕ್ಕೆ ಕೊಟ್ಟು ಬರಿಯ ಚಿಪ್ಪಾಗಿ ನಿಂತವು.

ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವುದಕ್ಕೂ ಒಂದು ಕ್ರಮ ಇತ್ತು. ಬಿಚ್ಚಿದ ಭಾಗಕ್ಕೆ ಕೆಂಪು ರಟ್ಟಿನ ಚೀಟಿ ಕಟ್ಟಬೇಕು. ಅದು ಎಲ್ಲಿಂದ ಬಂತು, ಎಷ್ಟು ಗಂಟೆ ಹಾರಿದೆ, ಇನ್ನೆಷ್ಟು ಆಯುಷ್ಯ ಉಳಿದಿದೆ ಎಂದು ಬರೆಯಬೇಕು. ಒಂದು ವರ್ಷದಲ್ಲಿ ಚೀಟಿಗಳು ಮುಗಿದವು. ಹೊಸ ಚೀಟಿ ಕಳಿಸಿ ಎಂದು ಪೊಮತ್ ಮೂರು ಸಲ ಬರೆದ. ಇರುವುದರಲ್ಲೇ ಸಂಭಾಳಿಸುತ್ತಿರುವ ತಮ್ಮನ್ನು ಮೆಚ್ಚಿದ್ದೇವೆ ಎಂದು ಮೋರ್ಸ್‌ಬಿಯಿಂದ ಉತ್ತರ ಬಂತು. ಅಂದಿನಿಂದ ಚೀಟಿಯ ಕೆಲಸವನ್ನು ಗೆಡಿಸಾನ ತಲೆ ಮಾಡಿತು. ಯಾವ ಕವಾಟ ಎಲ್ಲಿಂದ ಬಂತು, ಯಾವ ಕೊಳವೆ ಯಾವ ಮಳೆಗಾಲದಲ್ಲಿ ಸೋರಿತ್ತು, ಎಲ್ಲ ಅವನಿಗೆ ಬಾಯಿಪಾಠ. ಬರೆದಿಡೋ ಮಾರಾಯ ಅಂದರೆ, ಬರೆದಿಟ್ಟರೆ ಇಲಿ ತಿನ್ನುತ್ತದೆ, ನನ್ನ ತಲೆಯನ್ನು ಯಾರು ತಿನ್ನುತ್ತಾರೆ ಎಂದು ಕೆಂಪು ಹಲ್ಲು ತೋರಿಸಿ ನಗುತ್ತಿದ್ದ. ಹ್ಯಾಂಗರಿನಲ್ಲಿ ಅಡಿಕೆ ಅಗಿಯಬಾರದು ಎಂಬ ಫಲಕದ ಕೆಳಗೇ ಅವನ ಉಗುಳುವ ಡಬ್ಬ ಇರುತ್ತಿತ್ತು.

ಕೆಲಸ ಮುಗಿದ ಮೇಲೆ ಗೆಡಿಸಾ ಸ್ಪ್ಯಾನರಿನಿಂದ ಎಂಜಿನ್ನಿನ ಮುಚ್ಚಳಕ್ಕೆ ಎರಡು ಸಲ ಟಕ್ ಟಕ್ ಎನಿಸುತ್ತಿದ್ದ. ಕೆಳಗೆ ತಪಾಸಣೆಯ ಪುಸ್ತಕ ಹಿಡಿದು ನಿಂತ ಪೊಮತ್ ಸಹಿ ಹಾಕುತ್ತಿದ್ದ. ಏಣಿ ಹತ್ತಿ ನೋಡಬೇಕಾದದ್ದು ಪೊಮತ್‌ನ ಕೆಲಸ. ನೆಲೆಯಲ್ಲಿ ಪರವಾನಗಿ ಇರುವ ತಪಾಸಣೆಗಾರ ಅವನೊಬ್ಬನೇ. ಮೊದಮೊದಲು ಹತ್ತುತ್ತಿದ್ದ. ಗೆಡಿಸಾನ ಕೆಲಸದಲ್ಲಿ ಹತ್ತು ವರ್ಷ ಒಂದು ತಪ್ಪೂ ಸಿಗದೆ ಹೋದಾಗ ಹತ್ತುವುದನ್ನು ಬಿಟ್ಟ. ಮಂಡಿನೋವು ಒಂದು ನೆಪ.

ನಾಲ್ಕು ವರ್ಷದ ಹಿಂದೆ ನಾಲ್ಕನೆಯದರ ಎಡಗಡೆ ಎಂಜಿನ್ನಿನಲ್ಲಿ ಇಂಧನದ ಪಂಪು ಕೈಕೊಟ್ಟಿತ್ತು. ಹೊಸದು ಬೇಕೆಂದು ಬರೆದರು, ಬರಲಿಲ್ಲ. ಗೆಡಿಸಾ ಎರಡು ದಿನ ಒಬ್ಬನೇ ಅಲ್ಲಿ ಕೂತಿದ್ದ. ಮೂರನೆಯ ದಿನ ಎಂಜಿನ್ ಹೊತ್ತಿಕೊಂಡಿತು. ಏನು ಮಾಡಿದೆ ಎಂದು ಕೇಳಿದ್ದಕ್ಕೆ, ಹಾರುತ್ತೆ ಬಿಡು ಅಂದ. ಪೊಮತ್ ಪುಸ್ತಕದಲ್ಲಿ ‘ಪಂಪು ಬದಲಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ.

ಗೆಡಿಸಾ ಮೂರು ವಾರ ಆಸ್ಪತ್ರೆಯಲ್ಲಿದ್ದ. ಶ್ವಾಸಕೋಶದ ರೋಗ, ದಿನೇ ದಿನೇ ಇಳಿದುಹೋದ. ಪೊಮತ್ ಮೂರು ಭಾನುವಾರವೂ ಹೋಗಿ ಮಂಚದ ಪಕ್ಕ ಕುಳಿತಿದ್ದ. ಮೂರು ಸಲವೂ ಜೇಬಿನಲ್ಲಿ ನೋಟುಪುಸ್ತಕ, ಪೆನ್ನು ಇದ್ದವು. ಮೂರು ಸಲವೂ ತೆಗೆಯಲಿಲ್ಲ. ನಮ್ಮ ಕಡೆ ಮಲಗಿದವನ ಬಳಿ ಹೋಗಿ, ನಿನ್ನ ಕೆಲಸದ ಗುಟ್ಟು ಹೇಳು, ಬರೆದುಕೊಳ್ಳುತ್ತೇನೆ ಅನ್ನುವಂತಿಲ್ಲ. ಹಾಗೆ ಅಂದರೆ ನೀನು ಏಳುವುದಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಆಮೇಲೆ ಅವನು ಸತ್ತರೆ ಕೇಳಿದವನ ಕಡೆಗೆ ಜನ ಓರೆಗಣ್ಣಿನಲ್ಲಿ ನೋಡುತ್ತಾರೆ. ಮಾಟ ಮಾಡಿದವನು ಇವನೇ ಅನ್ನುತ್ತಾರೆ. ಪೊಮತ್ ಮಾಟವನ್ನು ನಂಬುವವನಲ್ಲ. ಆದರೂ ಗೆಡಿಸಾನ ಹೆಂಡತಿ ಯೂನಿಕೆ ಪಕ್ಕದಲ್ಲೇ ಕುಳಿತು ಗಂಡನ ಕಾಲು ಒತ್ತುತ್ತಿದ್ದಳು. ಹಾಗಾಗಿ ಫುಟ್‌ಬಾಲ್, ಮಳೆ, ಮೊಮ್ಮಕ್ಕಳು ಅಂತ ಮಾತಾಡಿ ಎದ್ದು ಬಂದಿದ್ದ.

ಶುಕ್ರವಾರ ಬೆಳಿಗ್ಗೆ ಪೊಮತ್ ಕತ್ತಿ ಹಿಡಿದು ಹುಲ್ಲು ಸವರುತ್ತ ಆ ಮೂರು ಚಿಪ್ಪುಗಳ ಹತ್ತಿರ ಹೋದ. ನಾಲ್ಕನೆಯದಕ್ಕೆ ಪಂಪು ಹಾಕಿದ್ದರೆ ಅದು ಇವುಗಳಲ್ಲಿ ಒಂದರಿಂದಲೇ ಬಂದಿರಬೇಕು. ಒಂದನೆಯದರ ಎರಡು ಪಂಪುಗಳೂ ಎರಡನೆಯದರ ಒಂದೂ ಹಿಂದೆ ಎಲ್ಲಿಗೆ ಹೋದವು ಎಂದು ಅವನಿಗೆ ಗೊತ್ತಿತ್ತು. ಅವಕ್ಕೆ ಕೆಂಪು ಚೀಟಿಯ ಕಾಲದ ಲೆಕ್ಕ ಇತ್ತು. ಎರಡನೆಯದರ ಇನ್ನೊಂದು, ಮೂರನೆಯದರ ಎರಡು ಇದ್ದಲ್ಲೇ ಇದ್ದವು. ಎಂದೋ ಕೆಲಸಕ್ಕೆ ಬಾರದಂತೆ ತುಕ್ಕು ಹಿಡಿದು, ಇರುವೆ ಗೂಡು ಕಟ್ಟಿ, ಯಾರ ಕೈಯೂ ಸೋಕದೆ ಕೂತಿದ್ದವು. ಅಂದರೆ ಗೆಡಿಸಾ ಏನನ್ನೂ ಬದಲಿಸಿರಲಿಲ್ಲ. ಸತ್ತ ಪಂಪನ್ನೇ ಏನೋ ಮಾಡಿ ಬದುಕಿಸಿದ್ದ. ಏನು ಮಾಡಿದ್ದ ಎಂಬುದು ಅವನ ಜೊತೆ ಹೋಗಿತ್ತು. ಪೊಮತ್ ಬೆವರು ಒರೆಸಿಕೊಂಡು ಸೀದಾ ಮೇಜರ್ ಕೋಣೆಗೆ ನಡೆದ.

ಮೇಜರ್ ತೊಲಿಮನ್ ರಬೌಲ್ ಕಡೆಯವನು, ನಲವತ್ತೆರಡು ವಯಸ್ಸು, ಕೆಟ್ಟವನೇನಲ್ಲ. ಮುಳುಗುವ ದೋಣಿಗೆ ನಾವಿಕನಾಗಿ ಬಂದ ಸಿಟ್ಟು ಅವನಿಗೆ ಯಾವಾಗಲೂ ಇತ್ತು. ಪೊಮತ್ ಎಲ್ಲವನ್ನೂ ಹೇಳುವವರೆಗೆ ಅವನು ತಾಳ್ಮೆಯಿಂದಲೇ ಕೇಳಿದ. ಆಮೇಲೆ ತನ್ನ ಕಡೆಯ ಮಾತು ಹೇಳಿದ. ಮಂಗಳವಾರ ಮಂತ್ರಿ ಲಾಯೆಗೆ ಬರುತ್ತಾನೆ. ವಿಮಾನ ಹಾರಿದರೆ ನೆಲೆ ಉಳಿಯುತ್ತದೆ, ಬಿಡಿಭಾಗಕ್ಕೆ ಹಣ ಬರುತ್ತದೆ ಎಂದು ಮಾತಾಗಿದೆ. ಹಾರದಿದ್ದರೆ ವರ್ಷದ ಕೊನೆಗೆ ಬೀಗ. ಮೈದಾನದ ಮೇಲೆ ಒಂದು ಸುತ್ತು ಹಾರಿ, ಹಾಗೆಯೇ ಗೆಡಿಸಾನ ಶವಪೆಟ್ಟಿಗೆಯನ್ನು ಅವನ ಊರು ಕೊಸೊಂಬಾಕ್ಕೆ ಮುಟ್ಟಿಸಿ ಬರಲಿ ಎಂದು ನಾನೇ ಒಪ್ಪಿಸಿದ್ದೇನೆ. ಅವನ ಕಡೆಯವರಿಗೆ ಮಾತು ಕೊಟ್ಟೂ ಆಗಿದೆ.

ಎಂಜಿನ್ ಬಿಚ್ಚಿ ನೋಡುತ್ತೇನೆ, ಒಂದು ದಿನ ಸಾಕು ಎಂದು ಪೊಮತ್ ಕೇಳಿದ. ಬಿಚ್ಚಿದರೆ ಮತ್ತೆ ಸೋರದಂತೆ ಮುಚ್ಚಲು ಸೀಲ್ ಇದೆಯಾ ಎಂದು ಮೇಜರ್ ಕೇಳಿದ. ಇರಲಿಲ್ಲ. ಆ ಸೀಲು ಒಂದು ಸಲ ಎಬ್ಬಿಸಿದರೆ ಮತ್ತೆ ಕೂರುವುದಿಲ್ಲ. ನೋಡುವುದೂ ಒಂದೇ, ವಿಮಾನವನ್ನು ನಿಲ್ಲಿಸುವುದೂ ಒಂದೇ. ಅದು ಇಬ್ಬರಿಗೂ ಗೊತ್ತಿತ್ತು.

“ಹಾಗಾದ್ರೆ ನಾನು ಸಹಿ ಹಾಕಲ್ಲ, ಸರ್.”

ಮೇಜರ್ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. “ಪೊಮತ್, ಇಷ್ಟು ವರ್ಷ ಏಣಿ ಹತ್ತದೆ ಸಹಿ ಹಾಕಿದೋನು ನೀನು. ಅವಾಗೆಲ್ಲ ಬಾರದ ಧರ್ಮ ಇವತ್ತು ಎಲ್ಲಿಂದ ಬಂತು?”

“ಅವಾಗ ಗೆಡಿಸಾ ಇದ್ದ.”

“ಈಗ ನಾನಿದ್ದೀನಿ. ನಿನ್ನ ಸಹಿ ಬೇಡ. ತಪಾಸಣೆಗಾರ ಇಲ್ಲದ ಕಡೆ ಪೈಲಟೇ ಸಹಿ ಹಾಕಬಹುದು ಅಂತ ನಿಯಮ ಇದೆ. ಮೆಯಾ ಹಾಕ್ತಾನೆ. ನೀನು ಮಂಗಳವಾರದವರೆಗೆ ಆ ಎಂಜಿನ್ನಿನ ಮೈ ಮುಟ್ಟಿದ್ರೆ ಒಳಗೆ ಹಾಕಿಸ್ತೀನಿ, ಹೇಳಿದ್ದೀನಿ.”

ಹ್ಯಾಂಗರಿನ ಬಾಗಿಲಿಗೆ ಅಂದೇ ಇಬ್ಬರು ಕಾವಲು ಬಂದರು.

ಮೆಯಾ ಗವೇರ ಲೆಫ್ಟಿನೆಂಟ್, ಇಪ್ಪತ್ತೇಳು ವರ್ಷದವನು, ಮೋರ್ಸ್‌ಬಿ ಕರಾವಳಿಯ ಮೋಟು ಎಂಬ ಜನಾಂಗದವನು. ನೆಲೆಗೆ ಬಂದ ಮೂರು ವರ್ಷದಲ್ಲಿ ಅವನು ಹಾರಿದ್ದು ಮೂವತ್ತೆಂಟು ಸಲ. ಉಳಿದ ದಿನ ಹುಲ್ಲು ಕೊಯ್ಯಿಸುವುದು, ಬಾವುಟ ಏರಿಸುವುದು. ಕೋಳಿಗೂ ರೆಕ್ಕೆ ಇರುತ್ತೆ ಬಿಡು ಎಂದು ಹೆಂಡತಿಯ ಅಣ್ಣಂದಿರು ಊಟಕ್ಕೆ ಕೂತಾಗಲೆಲ್ಲ ಚುಡಾಯಿಸುತ್ತಿದ್ದರು. ಪೊಮತ್‌ನನ್ನು ಅವನು ದೊಡ್ಡಪ್ಪ ಎಂದು ಕರೆಯುತ್ತಿದ್ದ. ಶನಿವಾರ ಮಧ್ಯಾಹ್ನ ಊಟದ ಮನೆಯ ಹಿಂದೆ ಪೊಮತ್ ಅವನನ್ನು ಹಿಡಿದು ನಿಲ್ಲಿಸಿದ. ಪಂಪಿನ ಕಥೆ ಬಿಡಿಸಿ ಹೇಳಿದ. ಲಾಯೆಯ ಮೇಲೆ, ಅಷ್ಟು ಕೆಳಗೆ, ಅಷ್ಟು ನಿಧಾನವಾಗಿ ಹಾರುವಾಗ ಒಂದು ಎಂಜಿನ್ ನಿಂತರೆ ಏನಾಗುತ್ತದೆ ಎಂದು ಕೇಳಿದ.

“ಬೀಳುತ್ತೆ,” ಅಂದ ಮೆಯಾ. “ಜನರ ಮೇಲೆ ಬೀಳುತ್ತೆ. ನಂಗೇನು ಗೊತ್ತಿಲ್ವಾ?”

“ಗೊತ್ತಿದ್ದೂ ಸಹಿ ಹಾಕ್ತೀಯ?”

“ದೊಡ್ಡಪ್ಪ, ನೀವು ಮೂವತ್ಮೂರು ವರ್ಷ ಇದ್ರಿ. ನಿಮ್ಮ ಕಾಲಕ್ಕೆ ಹನ್ನೊಂದಿತ್ತು. ನಂಗೆ ಒಂದೇ ಒಂದು ಸಿಕ್ಕಿದೆ, ಅದನ್ನೂ ಕಿತ್ಕೋಬೇಡಿ. ಪುಸ್ತಕದಲ್ಲಿ ಪಂಪು ಬದಲಿಸಲಾಗಿದೆ ಅಂತ ಇದೆ. ಅಕ್ಷರ ನಿಮ್ಮದೇ. ನಾನು ಅದನ್ನ ನೋಡಿ ಸಹಿ ಹಾಕ್ತೀನಿ.”

ಮೆಯಾ ಊಟ ಮುಗಿಸಲು ಒಳಗೆ ಹೋದ.

ನೆಲೆಯ ಗೇಟಿನ ಎದುರು, ಮಳೆಮರದ ಕೆಳಗೆ, ಗೆಡಿಸಾನ ಕಡೆಯವರು ನೀಲಿ ತಾಡಪಾಲು ಕಟ್ಟಿ ಅಳುವ ಮನೆ ಮಾಡಿಕೊಂಡಿದ್ದರು. ಗುರುವಾರವೇ ರೇಡಿಯೋದಲ್ಲಿ ಸುದ್ದಿ ತಿಳಿದು, ಕೊಸೊಂಬಾದಿಂದ ಎರಡು ದಿನ ನಡೆದು, ಆಮೇಲೆ ಲಾರಿ ಹತ್ತಿ ಬಂದ ನಲವತ್ತು ಜನ. ಹೆಂಗಸರ ಮುಖಕ್ಕೆಲ್ಲ ಬಿಳಿ ಮಣ್ಣು. ಹೊಸಬರು ಯಾರಾದರೂ ಬಂದರೆ ಅಳು ಮೊದಲಿನಿಂದ ಶುರುವಾಗುತ್ತಿತ್ತು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪೊಮತ್ ಹೋದ. ಬಾಗಿಲಲ್ಲೇ ಕುಕ್ಕರಿಸಿ ಗೆಳೆಯನ ಹೆಸರು ಹಿಡಿದು ಅತ್ತ. ಅದು ರೀತಿ, ಆದರೆ ರೀತಿಗಾಗಿ ಅತ್ತದ್ದಲ್ಲ. ಅಳು ನಿಂತ ಮೇಲೆ ಬೇಯಿಸಿದ ಗೆಣಸು ಕೊಟ್ಟರು. ತಿಂದ. ನೀವು ಮಾಡಿದ ಉಪಕಾರ ದೊಡ್ಡದು, ನಮ್ಮ ಹುಡುಗ ಗಾಳಿಯ ಮೇಲೆ ಮನೆಗೆ ಬರುತ್ತಾನೆ ಎಂದು ಗೆಡಿಸಾನ ಸೋದರಮಾವ ಕೈ ಹಿಡಿದ. ಎಂಬತ್ತರ ಮುದುಕ, ಕೈಯಲ್ಲಿ ಬರೀ ಮೂಳೆ. ಪೊಮತ್‌ಗೆ ಆ ಕೈ ಹಿಡಿದುಕೊಂಡು ಕೂರಲಾಗಲಿಲ್ಲ, ಮೆಲ್ಲಗೆ ಬಿಡಿಸಿಕೊಂಡ.

ಅವನು ಯೂನಿಕೆಯ ಕಡೆಗೆ ತಿರುಗಿದ. “ತಾಯಿ, ಒಂದು ಮಾತು ಹೇಳ್ಬೇಕು. ಅವನು ಬದುಕಿದ್ದಾಗ ಅವನನ್ನ ಕೇಳ್ಬೇಕಾಗಿತ್ತು, ಕೇಳಲಿಲ್ಲ.”

ಹೇಳಿದ. ಪಂಪು, ಎರಡು ದಿನ, ಪುಸ್ತಕದಲ್ಲಿ ಬರೆದ ಸುಳ್ಳು, ಹುಲ್ಲಿನಲ್ಲಿ ಸಿಕ್ಕ ತುಕ್ಕು, ಒಂದನ್ನೂ ಬಿಡಲಿಲ್ಲ. ಯೂನಿಕೆ ಕೊಸೊಂಬಾದ ಮೇಷ್ಟರ ಮಗಳು, ಕೇಳುವಾಗ ನಡುವೆ ಬಾಯಿ ಹಾಕುವವಳಲ್ಲ. ಎಲ್ಲ ಮುಗಿದ ಮೇಲೆ, ಹಾರಿದರೆ ಬೀಳುತ್ತದೆಯೇ ಎಂದು ಕೇಳಿದಳು. ಗೊತ್ತಿಲ್ಲ ಎಂದ ಪೊಮತ್. ನಿನಗೇ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತು ಎಂದಳು. ನಿನ್ನ ಗಂಡನಿಗೆ ಗೊತ್ತಿತ್ತು ಎಂದ.

ಅವಳು ಮುಂದಕ್ಕೆ ಸರಿದು ಕುಳಿತಳು. “ಅಂದ್ರೆ, ಭಾವ, ಅದು ಇಷ್ಟು ವರ್ಷ ಹಾರಿದ್ದು ಇವರ ಕೈಯಿಂದ.”

“ಹೌದು.”

“ಸರ್ಕಾರದ್ದು ಅದ್ರಲ್ಲಿ ಏನಿದೆ?”

ಪೊಮತ್ ನಿಜವಾಗಿಯೂ ಯೋಚಿಸಿ ನೋಡಿದ. “ಬಾಲದ ಮೇಲೆ ಬಾವುಟದ ಚಿತ್ರ ಇದೆ. ಅದೂ ಮಾಸಿದೆ.”

“ಹಂಗಾದ್ರೆ ಅದು ಇವರ ಕೈಕೆಲಸ. ಕೈ ಹೋಗಿ ಮೂರು ದಿನ ಆಯ್ತು. ಅದು ಇನ್ನೂ ಯಾಕೆ ನಿಂತಿದೆ?”

ಕೊಸೊಂಬಾದಲ್ಲಿ ಗಂಡಸು ಸತ್ತರೆ ಅವನ ಕೈಯಿಂದ ಎದ್ದದ್ದನ್ನು ನಿಲ್ಲಲು ಬಿಡುವುದಿಲ್ಲ. ಬೇಲಿ ಮುರಿಯುತ್ತಾರೆ, ಬಾಳೆ ಕಡಿಯುತ್ತಾರೆ, ಕಬ್ಬು ತುಳಿಯುತ್ತಾರೆ. ಸತ್ತವನ ಕೈಕೆಲಸದಿಂದ ಮತ್ತೆ ಯಾರೂ ಉಣ್ಣಬಾರದು. ಉಂಡರೆ ಅವನು ಬಿಡುಗಡೆಯಾಗದೆ ಅಲ್ಲೇ ಸುಳಿಯುತ್ತಾನೆ. ಮಣ್ಣು ಮಾಡುವ ಮೊದಲೇ ಅದು ಮುಗಿಯಬೇಕು. ಇಗರ್ಜಿಗೆ ಹೋಗುವವರೂ ಇದನ್ನು ಬಿಟ್ಟಿರಲಿಲ್ಲ. ಪೊಮತ್‌ಗೆ ಇದೆಲ್ಲ ಗೊತ್ತಿತ್ತು. ಗೆಡಿಸಾನ ಅಪ್ಪ ಸತ್ತಾಗ ಒಂದಿಡೀ ಬಾಳೆತೋಟ ಮಲಗಿದ್ದನ್ನು ಕಣ್ಣಾರೆ ಕಂಡಿದ್ದ. ಆದರೆ ವಿಮಾನಕ್ಕೂ ಬಾಳೆಗೂ ನಂಟು ಕಲ್ಪಿಸುವಷ್ಟು ಬುದ್ಧಿ ಅವನಿಗೆ ಓಡಿರಲಿಲ್ಲ. ಇದನ್ನು ಕೇಳಲೆಂದೇ ಹೋಗಿದ್ದೆನೋ ಏನೋ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ತಾನು ಕೇಳಿಕೊಂಡ.

ಹಾಗೆ ಮಾಡಿದರೆ ಪೆಟ್ಟಿಗೆ ಊರಿಗೆ ಹೇಗೆ ಹೋಗುತ್ತದೆ ಎಂದು ಯಾರೋ ಹಿಂದಿನಿಂದ ಕೇಳಿದರು. ನಮ್ಮ ಅಜ್ಜಂದಿರೇನು ಹಾರಿಕೊಂಡು ಹೋದರಾ, ಹೆಗಲಿಗೆ ಏನು ಬಂದಿದೆ ಎಂದು ಯೂನಿಕೆ ಗದರಿದಳು. ಎರಡು ದಿನ ಏರುದಾರಿ, ಮಳೆ ಬೇರೆ. ಹೇಳುವಾಗ ಅವಳ ದನಿ ಒಡೆಯಿತು, ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮುದುಕ ತಲೆ ಎತ್ತಿ ಪೊಮತ್‌ನ ಕಡೆ ನೋಡಿದ. “ಮೊದಲನೇ ಏಟು ಆ ಕೈಯಿಂದ ಎಲ್ಲರಿಗಿಂತ ಹೆಚ್ಚು ಉಂಡೋನದು. ಅದು ನಮ್ಮಲ್ಲಿ ಯಾರೂ ಅಲ್ಲ, ತಮ್ಮಾ.”

ಪೊಮತ್ ತಲೆ ತಗ್ಗಿಸಿದ. ಅವನ ಬಡ್ತಿಗಳು, ಎದೆಯ ಮೇಲಿನ ಪದಕ, ತಪ್ಪಿಲ್ಲದ ಕೆಲಸಗಾರ ಎಂಬ ಹೆಸರು, ಎಲ್ಲ ಆ ಟಕ್ ಟಕ್‌ನಿಂದ ಬಂದದ್ದು. ಗೆಡಿಸಾ ಸೇರಿದಾಗಲೂ ಕಾರ್ಪೊರಲ್, ಸತ್ತಾಗಲೂ ಕಾರ್ಪೊರಲ್.

ಮಂಗಳವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇತ್ತು. ಮೇಜರ್ ಎಲ್ಲ ಪದಕ ತೊಟ್ಟುಕೊಂಡು ಆರು ಗಂಟೆಗೇ ಲಾಯೆಗೆ ಹೊರಟುಹೋಗಿದ್ದ. ಏಳೂವರೆಗೆ ನಾಲ್ಕನೆಯದನ್ನು ಹ್ಯಾಂಗರಿನಿಂದ ಹೊರಗೆ ಎಳೆದರು. ಮೈ ತೊಳೆದಿದ್ದರು, ಬಾವುಟದ ಮೇಲೆ ಹೊಸ ಬಣ್ಣ ಬಳಿದಿದ್ದರು. ಮೆಯಾ ಒಳಗೆ ಕುಳಿತು ಗುಂಡಿ, ಮುಳ್ಳು ನೋಡಿಕೊಳ್ಳುತ್ತಿದ್ದ. ಪೆಟ್ಟಿಗೆ ಇಟ್ಟ ಲಾರಿ ಗೇಟು ದಾಟಿ ಬಂತು, ಹಿಂದೆ ನಲವತ್ತು ಜನ ನಡೆದು ಬಂದರು. ಪೆಟ್ಟಿಗೆಯ ಜೊತೆ ಬಂದವರನ್ನು ತಡೆಯುವ ಕಾವಲುಗಾರ ನಮ್ಮ ನಾಡಿನಲ್ಲಿ ಹುಟ್ಟಿಲ್ಲ. ಅವರು ಟೋಪಿ ತೆಗೆದು ದಾರಿ ಬಿಟ್ಟರು.

ಪೊಮತ್ ಹ್ಯಾಂಗರಿನ ಗೋಡೆಯಲ್ಲಿ, ಬೆಂಕಿ ಬಿದ್ದರೆ ಬೇಕಾಗುತ್ತದೆಂದು ತೂಗುಹಾಕಿದ್ದ ಕೆಂಪು ಕೊಡಲಿ ತೆಗೆದುಕೊಂಡ. ಏಣಿಯನ್ನು ತಾನೇ ತಳ್ಳಿಕೊಂಡು ಬಂದು ರೆಕ್ಕೆಯ ಬುಡಕ್ಕೆ ನಿಲ್ಲಿಸಿದ. ಮೈಯ ತಗಡಿಗೆ ಹೊಡೆದರೆ ಏನೂ ಆಗುವುದಿಲ್ಲ. ತೇಪೆ ಹಾಕಿ ಮೂರೇ ದಿನದಲ್ಲಿ ಹಾರಿಸುತ್ತಾರೆ. ಹಾಗೆ ತೇಪೆ ಹಾಕಿದವನೇ ಅವನು. ರೆಕ್ಕೆ ಮೈಗೆ ಸೇರುವ ಕಡೆ, ತೆಳು ಹಾಳೆಯ ಒಳಗೆ, ಇಡೀ ಭಾರ ಹೊರುವ ಒಂದು ತೊಲೆ ಇದೆ. ಅದು ಹೋದರೆ ಜಗತ್ತಿನ ಯಾವ ಮೆಕ್ಯಾನಿಕ್ಕೂ ಆ ವಿಮಾನವನ್ನು ಎತ್ತಲಾರ. ಮಂಡಿ ಹಿಡಿದುಕೊಂಡು ಏಣಿ ಹತ್ತಿದ. ಎಷ್ಟು ವರ್ಷವಾಗಿತ್ತು ಹತ್ತಿ.

ಮೊದಲ ಏಟು ಹಾಳೆಯನ್ನು ಸೀಳಿತು. ಎರಡನೆಯದು ತೊಲೆಗೆ ತಾಗಿ ಕೈ ಜುಮ್ಮೆಂದಿತು. ಮೂರನೆಯದಕ್ಕೆ ಅವನ ಬಾಯಿಂದ ದೊಡ್ಡ ಅಳು ಬಂತು. ಆಮೇಲೆ ಎಷ್ಟು ಹೊಡೆದ ಎಂದು ಎಣಿಸಲಿಲ್ಲ. ಕೆಳಗೆ ಹೆಂಗಸರು ಸತ್ತವನ ಹೆಸರು ಹಿಡಿದು ಕೂಗುತ್ತಿದ್ದರು, ಗಂಡಸರು ಹಾರೆ, ಕಲ್ಲು, ಕಬ್ಬಿಣದ ಸ್ಟ್ಯಾಂಡು, ಕೈಗೆ ಸಿಕ್ಕಿದ್ದರಿಂದ ಮೂಗು, ಬಾಲ, ಕಿಟಕಿ ಒಡೆಯುತ್ತಿದ್ದರು. ಎಂಜಿನ್ನುಗಳ ತಂಟೆಗೆ ಯಾರೂ ಹೋಗಲಿಲ್ಲ, ಅವು ಎತ್ತರದಲ್ಲಿದ್ದವು. ಕಾವಲಿನ ಇಬ್ಬರು ಬಂದೂಕು ಹಿಡಿದುಕೊಂಡು ಪೆಟ್ಟಿಗೆಯನ್ನು ನೋಡುತ್ತ ನಿಂತಿದ್ದರು. ಮೆಯಾ ಮೊದಲು ಒಳಗಿನಿಂದ ಗಾಜು ಬಡಿದು ಅರಚಿದ. ಆಮೇಲೆ ಹೊರಗೆ ಧುಮುಕಿ ಬಂದು ಏಣಿಯನ್ನು ಹಿಡಿದು ಅಲುಗಾಡಿಸಿದ. ಯೂನಿಕೆ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದಳು. ಅವನು ಹುಲ್ಲಿನ ಮೇಲೆ ಕುಳಿತು ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ಲಾಯೆಯ ಮೈದಾನದಲ್ಲಿ ಒಂಬತ್ತು ಗಂಟೆಗೆ ಧ್ವನಿವರ್ಧಕದವನು, ಈಗ ಎಲ್ಲರೂ ಆಕಾಶದ ಕಡೆ ನೋಡಿ ಅಂದನಂತೆ. ಸಾವಿರಾರು ಜನ ಕತ್ತೆತ್ತಿದರು. ಮಂತ್ರಿಯೂ ಎತ್ತಿದ. ಬ್ಯಾಂಡಿನವರು ಒಂದೇ ಹಾಡನ್ನು ಮೂರು ಸಲ ನುಡಿಸಿದರು. ಆಮೇಲೆ ಶಾಲೆಯ ಮಕ್ಕಳ ನೃತ್ಯ ಶುರು ಮಾಡಿದರು.

ಪೆಟ್ಟಿಗೆಯನ್ನು ಲಾರಿಯಲ್ಲಿ ರಸ್ತೆ ಮುಗಿಯುವವರೆಗೆ ಒಯ್ದು, ಅಲ್ಲಿಂದ ಹೆಗಲ ಮೇಲೆ ಹೊತ್ತು ಮೂರನೆಯ ದಿನ ಕೊಸೊಂಬಾ ಮುಟ್ಟಿಸಿದರು. ಹೆಗಲು ಕೊಡಲು ಪೊಮತ್ ಇರಲಿಲ್ಲ. ಅವನನ್ನು ನೆಲೆಯ ಬಂದೀಕೋಣೆಯಲ್ಲಿ ಕೂಡಿಹಾಕಿದ್ದರು. ಮೇಜರ್ ಒಂದೇ ಸಲ ಕಿಟಕಿಯ ಹತ್ತಿರ ಬಂದು ನಿಂತ. ಬಯ್ಯುತ್ತಾನೆ ಎಂದುಕೊಂಡರೆ ಬಯ್ಯಲಿಲ್ಲ. ನನ್ನ ಕೈಕೆಳಗೆ ಮುನ್ನೂರು ಜನರ ಅನ್ನ ಇತ್ತು ಪೊಮತ್ ಎಂದಷ್ಟೇ ಹೇಳಿ ಹೋದ. ಪೊಮತ್ ಆ ದಿನ ಊಟ ಮುಟ್ಟಲಿಲ್ಲ.

ವಿಚಾರಣೆಗೆಂದು ಮೋರ್ಸ್‌ಬಿಯಿಂದ ಒಬ್ಬ ಅಧಿಕಾರಿ ಬಂದ. ಎಲ್ಲವನ್ನೂ ಹೇಳಬೇಕೆಂದು ಪೊಮತ್ ಮನಸ್ಸಿನಲ್ಲೇ ಸಾಲು ಜೋಡಿಸಿಕೊಂಡಿದ್ದ. ಅಧಿಕಾರಿ ಒಂದು ಹಾಳೆ ತಂದಿದ್ದ. ಸಾವಿನ ಮನೆಯವರ ಗಲಭೆಯಲ್ಲಿ ವಿಮಾನ ನಾಶ, ತಪಾಸಣೆಗಾರ ಕರ್ತವ್ಯ ಮರೆತಿದ್ದಾನೆ, ಕೆಲಸದಿಂದ ಬಿಡುಗಡೆ ಎಂದು ಬರೆದಾಗಿತ್ತು. ಎಂಜಿನ್ ಬಿಚ್ಚಿಸಿ ನೋಡಿ ಸರ್ ಎಂದ ಪೊಮತ್. ಇನ್ನು ಅದನ್ನು ನೋಡಿ ಏನು ಮಾಡೋದು ಎಂದು ಅಧಿಕಾರಿ ಗಡಿಯಾರ ನೋಡಿಕೊಂಡ; ಲಾಯೆಯಿಂದ ಹೊರಡುವ ಮಧ್ಯಾಹ್ನದ ಪ್ರಯಾಣಿಕರ ವಿಮಾನಕ್ಕೆ ಅವನು ವಾಪಸ್ಸು ಹೋಗಬೇಕಿತ್ತು. ಒಂದು ತಿಂಗಳಲ್ಲಿ ನೆಲೆ ಮುಚ್ಚುವ ಆಜ್ಞೆ ಬಂತು. ನಾಲ್ಕೂ ಗುಜರಿಗೆ ಎಂದಾಯಿತು.

ಗುಜರಿಯವರು ಬರುವ ಹಿಂದಿನ ದಿನ ಬೆಳಿಗ್ಗೆ ಪೊಮತ್ ತನ್ನ ಸಾಮಾನು ತೆಗೆದುಕೊಳ್ಳುವ ನೆಪದಲ್ಲಿ ಹ್ಯಾಂಗರಿಗೆ ಹೋದ. ಈಗ ಅಲ್ಲಿ ಕಾವಲೂ ಇರಲಿಲ್ಲ. ಒಡೆದ ನಾಲ್ಕನೆಯದನ್ನು ಒಳಗೆ ಎಳೆದು ಹಾಕಿದ್ದರು. ಏಣಿಯನ್ನು ಅದರ ಎಡಗಡೆ ಎಂಜಿನ್ನಿಗೆ ಒರಗಿಸಿ ಹತ್ತಿದ. ಮುಚ್ಚಳ ತೆಗೆದ, ಕೊಳವೆ ಕಳಚಿದ, ಸೀಲು ಎಬ್ಬಿಸಿದ, ಪಂಪನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡ. ಪಂಪನ್ನು ತಿರುಗಿಸುವ ದಂಡದ ಹಲ್ಲುಗಳು ಸವೆದು ಸವೆದು ನುಣ್ಣಗಾಗಿದ್ದವು. ಅವು ಜಾರದಂತೆ ಸುತ್ತಲೂ ತಗಡಿನ ಒಂದು ಪಟ್ಟಿಯನ್ನು ಮಡಚಿ, ಪ್ರತಿ ಹಲ್ಲಿನ ಸಂದಿಗೂ ಒತ್ತಿ ಕೂರಿಸಿದ್ದ ಗೆಡಿಸಾ. ಡಬ್ಬಿ ಮೀನಿನ ತಗಡು. ಅಂಚಿನಲ್ಲಿ ಇನ್ನೂ ಅರ್ಧ ಮೀನಿನ ಚಿತ್ರ ಇತ್ತು. ಎಂಥ ಕೆಲಸ ಅದು, ಅಕ್ಕಸಾಲಿಗನಿಗೂ ಅಷ್ಟು ನೀಟಾಗಿ ಬರುವುದಿಲ್ಲ. ಒಂದು ಕಡೆ ಕೂದಲಿನಷ್ಟು ಸೀಳು ಬಿಟ್ಟಿತ್ತು. ಆ ಸೀಳು ಕೊನೆಯ ಹಾರಾಟದ್ದೋ, ಮೂರು ವರ್ಷ ಹಳೆಯದೋ, ಹೇಳಲು ಬರುವಂತಿರಲಿಲ್ಲ.

ಪೊಮತ್‌ಗೆ ಮೈ ತಣ್ಣಗಾಯಿತು. ಸ್ವಾತಂತ್ರ್ಯದ ದಿನ ಲಾಯೆಯ ಮೇಲೆ ಹಾರದೆ ಹೋದದ್ದನ್ನು ನೆನೆದಲ್ಲ. ಅದಕ್ಕೂ ಹಿಂದೆ ಹಾರಿದ್ದನ್ನೆಲ್ಲ ನೆನೆದು. ನಾಲ್ಕು ವರ್ಷ. ದಡಾರದ ವರ್ಷ ಕರೆತಂದ ಮಕ್ಕಳು, ನೆಲ ಕುಸಿದಾಗ ಎತ್ತಿ ತಂದ ಮುದುಕರು, ಹೊಟ್ಟೆ ಹೊತ್ತ ಹೆಂಗಸರು. ಅಷ್ಟೂ ಜನರ ಕೆಳಗೆ ಈ ತಗಡು ತಿರುಗುತ್ತಿತ್ತು, ಅಷ್ಟೂ ಸಲ ಅವನು ಸಹಿ ಹಾಕಿದ್ದ.

ಕೆಳಗೆ ಹೆಜ್ಜೆ ಸಪ್ಪಳವಾಯಿತು. ಮೆಯಾ. ಆ ಮಂಗಳವಾರದಿಂದ ಅವನು ಪೊಮತ್‌ನ ಜೊತೆ ಮಾತಾಡಿರಲಿಲ್ಲ. ಮಾಮೂಲಿ ಅಂಗಿ ತೊಟ್ಟಿದ್ದ, ಹೆಗಲಿಗೆ ಚೀಲ ಇತ್ತು. ಮಧ್ಯಾಹ್ನದ ಬಸ್ಸಿಗೆ ಹೊರಟವನು. ಪೊಮತ್ ಒಂದೊಂದೇ ಮೆಟ್ಟಿಲು ಇಳಿದು ಬಂದು ದಂಡವನ್ನು ಅವನ ಕೈಯಲ್ಲಿ ಇಟ್ಟ. ಮೆಯಾ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಮೀನಿನ ಚಿತ್ರದ ಮೇಲೆ ಹೆಬ್ಬೆರಳು ಆಡಿಸಿದ.

“ನಾನು ಹಾರಿದಾಗೆಲ್ಲ ಇದೇ ಇತ್ತಾ?”

“ಎಲ್ಲ ಸಲವೂ.”

ಈಗಲಾದರೂ ಹುಡುಗನಿಗೆ ಅರ್ಥವಾಗುತ್ತದೆ ಎಂದು ಪೊಮತ್ ಕಾದ. ಕ್ಷಮಿಸಿದೆ ಅನ್ನಲಿ ಎಂದಲ್ಲ, ಒಂದು ಸಲ ಮೈ ನಡುಗಲಿ, ಅಷ್ಟು ಸಾಕಿತ್ತು ಅವನಿಗೆ. ಮೆಯಾ ದಂಡವನ್ನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟು, ಚೀಲ ಸರಿಮಾಡಿಕೊಂಡ.

“ಮೂವತ್ತೆಂಟು ಸಲ ತಡೆದಿದೆ, ದೊಡ್ಡಪ್ಪ,” ಅಂದ. “ಇನ್ನೊಂದು ಸಲ ತಡೀತಿತ್ತು.”